ಆ್ಯಪಿನ ಯಜಮಾನನಿಗೆ ಅಪ್ಪಣೆ ಕೊಡುವವರು ಯಾರು?

2020ರ ಜುಲೈ ಮೊದಲ ವಾರ. ನಮ್ಮೂರ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಮೊಬೈಲ್ ಕೈಯಲ್ಲಿ ಹಿಡಿದು ಚಿಂತೆಯಲ್ಲಿ ಕೂತಿದ್ದರು. ದಿನಾ ಅದೇ ಮೊಬೈಲಿನಲ್ಲಿ ಒಂದು ಸ್ಕ್ಯಾನ್ ಆ್ಯಪ್ ಹಾಕಿಕೊಂಡು ರೈತರ ಪಹಣಿ, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲವನ್ನೂ ಪಿಡಿಎಫ್ ಮಾಡಿ ಕಳಿಸುತ್ತಿದ್ದರು. ಆ ಆ್ಯಪ್ ಬ್ಯಾನ್ ಆಗಿತ್ತು. "ಸರ, ಮೂರು ವರ್ಷದ ಮಂದಿ ಕಾಗದ ಎಲ್ಲಾ ಇದರಾಗ ಐತಿ. ಅದೆಲ್ಲಾ ಚೀನಾಕ್ಕ ಹೋಗೇತೇನ್ರಿ? ಈಗ ಬ್ಯಾನ್ ಮಾಡ್ಯಾರಲ್ಲ, ವಾಪಸ್ ಬರ್ತೈತೇನ್ರಿ?" ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. "ಏನೂ ಆಗಲ್ಲ ಬಿಡ್ರಿ" ಅಂತ ಹೇಳಿ ಬಂದುಬಿಟ್ಟೆ. ಹಾಗೆ ಹೇಳಬಾರದಿತ್ತು. ಎಷ್ಟೋ ಜನರ ಕಾಗದಪತ್ರ ತನ್ನ ಕೈಯಿಂದ ಹೋಯಿತೇ ಎಂದು ಸಂಕಟಪಡುತ್ತಿದ್ದ ಮನುಷ್ಯ ಅವರು. ಆಮೇಲೆ ಈ ವಿಷಯ ಓದುತ್ತಾ ಹೋದಂತೆ ಅವರ ಎರಡು ಪ್ರಶ್ನೆಯಲ್ಲೇ ಇಡೀ ವಿಷಯ ಅಡಗಿದೆ ಅನ್ನಿಸಿತು.

ಮೊದಲು ನಡೆದದ್ದನ್ನು ನೆನಪು ಮಾಡಿಕೊಳ್ಳೋಣ. 2020ರ ಜೂನ್ 15ರ ರಾತ್ರಿ ಲಡಾಖಿನ ಗಲ್ವಾನ್ ಕಣಿವೆಯಲ್ಲಿ ಚೀನಾ ಸೈನಿಕರ ಜೊತೆ ನಡೆದ ಹೊಡೆದಾಟದಲ್ಲಿ ನಮ್ಮ 20 ಯೋಧರು ಪ್ರಾಣ ಕಳೆದುಕೊಂಡರು. ಎರಡು ವಾರ ಕಳೆದು ಜೂನ್ 29ರಂದು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 59 ಆ್ಯಪ್‌ಗಳನ್ನು ಬ್ಲಾಕ್ ಮಾಡಿತು. ಟಿಕ್‌ಟಾಕ್, ಯುಸಿ ಬ್ರೌಸರ್, ಶೇರ್‌ಇಟ್, ಕ್ಯಾಮ್‌ಸ್ಕ್ಯಾನರ್, ವೀಚಾಟ್, ಶೀಇನ್, ಕನ್ನಡದಲ್ಲೂ ಇದ್ದ ಹೆಲೋ, ಎಲ್ಲವೂ ಒಂದೇ ಏಟಿಗೆ. ಜುಲೈನಲ್ಲಿ ಅವುಗಳ ತದ್ರೂಪಿನಂತಿದ್ದ ಇನ್ನೂ 47. ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಸೇರಿ 118. ನವೆಂಬರ್ 24ರಂದು 43. ಅರ್ಧ ವರ್ಷದೊಳಗೆ ಒಟ್ಟು 267 ಆಯಿತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಗೇಮ್ ಸೇರಿ ಮತ್ತೆ 54.

ಸರ್ಕಾರದ ಪ್ರಕಟಣೆ ಕೊಟ್ಟ ಕಾರಣ ಹೀಗಿತ್ತು: ಈ ಆ್ಯಪ್‌ಗಳು ಬಳಸುವವರ ಡೇಟಾವನ್ನು ಗುಟ್ಟಾಗಿ, ಅನುಮತಿ ಇಲ್ಲದೆ, ಭಾರತದ ಹೊರಗಿರುವ ಸರ್ವರ್‌ಗಳಿಗೆ ಕಳಿಸುತ್ತಿವೆ ಎಂದು ದೂರುಗಳು ಬಂದಿವೆ, ಇದು ದೇಶದ ಸಾರ್ವಭೌಮತೆಗೆ ಮತ್ತು ಭದ್ರತೆಗೆ ಧಕ್ಕೆ ತರುವಂಥದ್ದು. ಸರಿ. ಆದರೆ ಸ್ವಲ್ಪ ಯೋಚಿಸಿ, ನಮ್ಮ ಫೋನಿನಲ್ಲಿರುವ ವಾಟ್ಸಾಪ್, ಇನ್‌ಸ್ಟಾಗ್ರಾಂ, ಜಿಮೇಲ್ ಎಲ್ಲದರ ಕಂಪನಿಗಳೂ ಹೊರದೇಶದವೇ, ಅವುಗಳ ಸರ್ವರ್‌ಗಳೂ ಊರೂರಿಗೆ ಹರಡಿಕೊಂಡಿವೆ. ಹಾಗಾದರೆ ಸರ್ವರ್ ಹೊರಗಿದೆ ಅನ್ನುವುದಷ್ಟೇ ತೊಂದರೆ ಆಗಿರಲಾರದು, ಅಲ್ವಾ?

ತೊಂದರೆ ಇರುವುದು ಯಜಮಾನನ ಹತ್ತಿರ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ಯಜಮಾನನಿಗೆ ಅಪ್ಪಣೆ ಕೊಡುವವರ ಹತ್ತಿರ. ಚೀನಾದಲ್ಲಿ 2017ರಲ್ಲಿ ರಾಷ್ಟ್ರೀಯ ಗುಪ್ತಚರ ಕಾನೂನು ಬಂತು. ಅದರ 7ನೇ ವಿಧಿ ಹೇಳುವುದು, ದೇಶದ ಗುಪ್ತಚರ ಕೆಲಸಕ್ಕೆ ಪ್ರತಿಯೊಂದು ಸಂಸ್ಥೆ, ಪ್ರತಿಯೊಬ್ಬ ಪ್ರಜೆ ಬೆಂಬಲ ಕೊಡಬೇಕು, ಸಹಕರಿಸಬೇಕು ಎಂದು. ಟಿಕ್‌ಟಾಕ್‌ನ ಯಜಮಾನ ಬೈಟ್‌ಡ್ಯಾನ್ಸ್ ಎಂಬ ಚೀನಾ ಕಂಪನಿ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ಬೇರೆ. ಅಲ್ಲಿನ ಎಂಜಿನಿಯರುಗಳು ತುಂಬ ಪ್ರಾಮಾಣಿಕರೇ ಇರಬಹುದು. ನಾಳೆ ಸರ್ಕಾರದವರು ಬಂದು ಇಂಥವರ ಮಾಹಿತಿ ಕೊಡು ಅಂದರೆ ಇಲ್ಲ ಅನ್ನಲು ಅವರಿಗೆ ದಾರಿ ಇದೆಯೇ, ಇಲ್ಲ ಅಂದರೆ ಅವರ ಪರ ನಿಲ್ಲುವ ಸ್ವತಂತ್ರ ಕೋರ್ಟ್ ಇದೆಯೇ ಎಂಬುದು ಮುಖ್ಯ. ಟಿಕ್‌ಟಾಕ್ ಕಂಪನಿ ಯಾವತ್ತೂ ಚೀನಾ ಸರ್ಕಾರಕ್ಕೆ ಭಾರತೀಯರ ಡೇಟಾ ಕೊಟ್ಟಿಲ್ಲ, ಕೇಳಿದರೂ ಕೊಡುವುದಿಲ್ಲ ಎಂದೇ ಹೇಳಿತು. ಅದನ್ನು ಹೊರಗಿನವರು ಪರೀಕ್ಷೆ ಮಾಡಿ ನೋಡುವ ದಾರಿ ಇರಲಿಲ್ಲ.

ಸರ್ವರ್ ಎಲ್ಲಿದೆ ಅನ್ನುವುದಕ್ಕಿಂತ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದು ಹೇಗೆ ಮುಖ್ಯ ಆಗುತ್ತದೆ ಎಂಬುದಕ್ಕೆ ಯುರೋಪಿನಿಂದ ಒಂದು ಒಳ್ಳೆಯ ಉದಾಹರಣೆ ಇದೆ. ಐರ್ಲೆಂಡಿನ ಡೇಟಾ ರಕ್ಷಣಾ ಆಯೋಗ 2025ರ ಮೇ ತಿಂಗಳಲ್ಲಿ ಟಿಕ್‌ಟಾಕ್‌ಗೆ 53 ಕೋಟಿ ಯುರೋ ದಂಡ ಹಾಕಿತು. ಯುರೋಪಿನ ಜನರ ಡೇಟಾ ಯುರೋಪಿನ ಹೊರಗೇ ಇಟ್ಟಿದ್ದರೂ ಚೀನಾದಲ್ಲಿ ಇಟ್ಟಿಲ್ಲ ಎಂದು ಕಂಪನಿ ವಾದಿಸುತ್ತಿತ್ತು. ಆದರೆ ಚೀನಾದಲ್ಲಿ ಕೂತ ಸಿಬ್ಬಂದಿ ಅಲ್ಲಿಂದಲೇ ಆ ಡೇಟಾ ತೆರೆದು ನೋಡಬಹುದಿತ್ತು. ಅಲ್ಲಿಂದ ನೋಡಲು ಬರುತ್ತದೆ ಅಂದಮೇಲೆ ಡೇಟಾ ಅಲ್ಲಿಗೆ ಹೋದಂತೆಯೇ ಎಂದು ಆಯೋಗ ತೀರ್ಮಾನಿಸಿತು. ವಿಚಾರಣೆಯ ಕೊನೆಗೆ ಕಂಪನಿಯೇ, ಸ್ವಲ್ಪ ಡೇಟಾ ಚೀನಾದ ಸರ್ವರ್‌ನಲ್ಲೂ ಇತ್ತು ಎಂದು ಒಪ್ಪಿಕೊಂಡಿತು. ಅದಕ್ಕೂ ಮೊದಲು, 2022ರ ಡಿಸೆಂಬರ್‌ನಲ್ಲಿ, ತನ್ನ ಕೆಲವು ನೌಕರರು ಅಮೆರಿಕದ ಪತ್ರಕರ್ತರ ಟಿಕ್‌ಟಾಕ್ ಮಾಹಿತಿಯನ್ನು ತೆಗೆದು ನೋಡಿದ್ದರು ಎಂದು ಬೈಟ್‌ಡ್ಯಾನ್ಸ್ ಒಪ್ಪಿಕೊಂಡಿತ್ತು. ಕಂಪನಿಯ ಒಳಗಿನ ಸುದ್ದಿ ಆ ಪತ್ರಕರ್ತರಿಗೆ ಕೊಡುತ್ತಿರುವವರು ಯಾರು ಎಂದು ಪತ್ತೆ ಮಾಡಲು ಹೀಗೆ ಮಾಡಿದ್ದರು.

"ನನ್ನ ಡ್ಯಾನ್ಸ್ ವಿಡಿಯೋ ನೋಡಿ ಯಾರಿಗೆ ಏನಾಗಬೇಕು?" ಅಂತ ತುಂಬ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಬ್ಬರ ವಿಡಿಯೋದಿಂದ ಏನೂ ಆಗುವುದಿಲ್ಲ. ಆದರೆ ಕೋಟಿಗಟ್ಟಲೆ ಜನರ ಫೋನ್ ನಂಬರ್, ಕಾಂಟ್ಯಾಕ್ಟ್ ಲಿಸ್ಟ್, ಎಲ್ಲಿ ಮಲಗುತ್ತಾರೆ, ಎಲ್ಲಿ ಕೆಲಸ ಮಾಡುತ್ತಾರೆ, ಯಾವ ಊರಿಗೆ ಎಷ್ಟು ಸಲ ಹೋಗುತ್ತಾರೆ ಎಂಬುದೆಲ್ಲ ಒಂದೇ ಕಡೆ ಸೇರಿದರೆ ಅದರಿಂದ ಹೊರಡುವ ಚಿತ್ರವೇ ಬೇರೆ. ಸ್ಟ್ರಾವಾ ಎಂಬ ಅಮೆರಿಕದ ಆ್ಯಪ್ ಇದೆ, ಓಡುವವರು, ಸೈಕಲ್ ತುಳಿಯುವವರು ಬಳಸುತ್ತಾರೆ. ಎಲ್ಲರೂ ಓಡಿದ ದಾರಿಗಳನ್ನು ಸೇರಿಸಿ, ಯಾರ ಹೆಸರೂ ಇಲ್ಲದೆ, ಅದು ಒಂದು ಜಗತ್ತಿನ ನಕ್ಷೆ ಹಾಕಿತ್ತು. 2018ರ ಜನವರಿಯಲ್ಲಿ ಜನ ಗಮನಿಸಿದರು: ಸಿರಿಯಾ, ಅಫ್ಘಾನಿಸ್ತಾನದಂಥ ಕಡೆ, ಕತ್ತಲೆ ತುಂಬಿದ ಮರುಭೂಮಿಯ ನಡುವೆ, ಸಣ್ಣ ಸಣ್ಣ ಚೌಕಗಳು ಹೊಳೆಯುತ್ತಿವೆ. ಅವು ಅಮೆರಿಕದ ಸೈನಿಕ ನೆಲೆಗಳು. ಸೈನಿಕರು ಬೆಳಿಗ್ಗೆ ಬೇಲಿಯ ಒಳಗೆ ಓಡಿದ ಗುರುತು ಅದು. ಯಾರೂ ಏನನ್ನೂ ಕದ್ದಿರಲಿಲ್ಲ. ಯಾವ ಶತ್ರುದೇಶದ ಕಂಪನಿಯೂ ಅದರಲ್ಲಿ ಇರಲಿಲ್ಲ.

ಗ್ರೈಂಡರ್ ಕತೆ ಇನ್ನೂ ಸೂಕ್ಷ್ಮ. ಅದು ಸಲಿಂಗಿಗಳು ಒಬ್ಬರನ್ನೊಬ್ಬರು ಹುಡುಕಿಕೊಳ್ಳುವ ಡೇಟಿಂಗ್ ಆ್ಯಪ್. ಅದರಲ್ಲಿ ಜನ ಎಲ್ಲಿದ್ದಾರೆ ಎಂಬ ಮಾಹಿತಿ ಇರುತ್ತದೆ, ಕೆಲವರು ತಮಗೆ ಎಚ್‌ಐವಿ ಇದೆಯೋ ಇಲ್ಲವೋ ಎಂಬುದನ್ನೂ ಬರೆದಿರುತ್ತಾರೆ. ಚೀನಾದ ಕುನ್‌ಲುನ್ ಎಂಬ ಕಂಪನಿ ಇದನ್ನು 2016ರಿಂದ 2018ರೊಳಗೆ ಪೂರ್ತಿ ಕೊಂಡುಕೊಂಡಿತು. ವಿದೇಶಿ ಹೂಡಿಕೆಗಳನ್ನು ಭದ್ರತೆಯ ದೃಷ್ಟಿಯಿಂದ ನೋಡುವ ಅಮೆರಿಕದ ಸರ್ಕಾರಿ ಸಮಿತಿ 2019ರಲ್ಲಿ ಮಧ್ಯೆ ಬಂದು, ಇದನ್ನು ಮಾರಿಬಿಡಿ ಎಂದಿತು. 2020ರಲ್ಲಿ ಅದು ಸುಮಾರು 60 ಕೋಟಿ ಡಾಲರ್‌ಗೆ ಮಾರಾಟವಾಯಿತು. ಭಯ ಏನಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಮನೆಯವರಿಗೂ ಹೇಳದ ವಿಷಯ ಒಂದು ಆ್ಯಪಿನಲ್ಲಿದ್ದು, ಆ ಮನುಷ್ಯ ಸೈನ್ಯದಲ್ಲೋ ದೊಡ್ಡ ಆಫೀಸಿನಲ್ಲೋ ಇದ್ದರೆ, ಅವನನ್ನು ಹೆದರಿಸಿ ಬೇರೆ ಗುಟ್ಟು ಹೊರಡಿಸಬಹುದು.

ಡೇಟಾ ಹೋಗುವುದು ಒಂದು ಭಯ. ಇನ್ನೊಂದು, ನಮಗೆ ಏನು ತೋರಿಸಬೇಕು ಎಂಬುದು ಬೇರೆಯವರ ಕೈಯಲ್ಲಿರುವುದು. ಚುನಾವಣೆಯ ಹೊತ್ತಿಗೋ ಗಡಿಯಲ್ಲಿ ಗಲಾಟೆ ಆದಾಗಲೋ ಕೆಲವು ವಿಡಿಯೋ ಸ್ವಲ್ಪ ಜಾಸ್ತಿ, ಕೆಲವು ಸ್ವಲ್ಪ ಕಮ್ಮಿ ತೋರಿಸಿದರೆ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಈ ಭಯ ಸುಳ್ಳಲ್ಲ, ಆದರೆ ರುಜುವಾತು ಮಾಡುವುದು ತುಂಬ ಕಷ್ಟ. ಇದೇ ನೆಪ ಹಿಡಿದು ತನಗೆ ಇಷ್ಟವಿಲ್ಲದ ಮಾತನ್ನು ಸರ್ಕಾರ ಮುಚ್ಚಿಸುವುದೂ ಸುಲಭ. ಹಾಗಾಗಿ ಬರೀ ಈ ಕಾರಣ ಕೊಟ್ಟು ಒಂದು ಆ್ಯಪ್ ಬ್ಯಾನ್ ಮಾಡಿದರೆ ನನಗೆ ಒಪ್ಪಿಗೆ ಇಲ್ಲ.

ಮೂರನೆಯದನ್ನು ಜನ ಮರೆಯುತ್ತಾರೆ. ಆ್ಯಪ್ ಎಂಬುದು ಒಮ್ಮೆ ಕೊಂಡು ತಂದ ಮಿಕ್ಸಿಯ ಹಾಗೆ ಇದ್ದಂತೆ ಇರುವುದಿಲ್ಲ. ರಾತ್ರಿ ನಾವು ಮಲಗಿದಾಗ ಅಪ್‌ಡೇಟ್ ಆಗುತ್ತದೆ. ಇವತ್ತು ಪರೀಕ್ಷೆ ಮಾಡಿ ಶುದ್ಧ ಎಂದದ್ದು ನಾಳೆ ಹಾಗೇ ಇರಬೇಕೆಂದಿಲ್ಲ. ಅದರ ಒಳಗೆ ಬೇರೆ ಬೇರೆ ಕಂಪನಿಗಳ ಕೋಡ್ ತುಂಡುಗಳೂ ಸೇರಿಕೊಂಡಿರುತ್ತವೆ. 2019ರ ಆಗಸ್ಟ್‌ನಲ್ಲಿ ಕಂಪ್ಯೂಟರ್ ಭದ್ರತೆ ನೋಡುವ ಕ್ಯಾಸ್ಪರ್ಸ್ಕಿ ಸಂಸ್ಥೆಯವರು ಕ್ಯಾಮ್‌ಸ್ಕ್ಯಾನರ್‌ನ ಆಂಡ್ರಾಯ್ಡ್ ಆ್ಯಪಿನಲ್ಲಿ, ಜಾಹೀರಾತು ತೋರಿಸಲು ಸೇರಿಸಿದ್ದ ಒಂದು ಭಾಗದಲ್ಲಿ, ಬೇರೆ ಕೆಟ್ಟ ಪ್ರೋಗ್ರಾಂಗಳನ್ನು ಇಳಿಸುವ ಕೋಡ್ ಕಂಡುಹಿಡಿದರು. ಗೂಗಲ್ ಅದನ್ನು ಪ್ಲೇ ಸ್ಟೋರಿನಿಂದ ತೆಗೆಯಿತು, ಕಂಪನಿ ಸರಿಮಾಡಿದ ಮೇಲೆ ವಾಪಸ್ ಹಾಕಿತು. ಇಲ್ಲಿ ತಪ್ಪು ಸೇರಿಕೊಂಡದ್ದು ಮೂರನೆಯವರ ತುಂಡಿನಿಂದ.

ಈಗ ಕಾನೂನಿನ ವಿಷಯ. ನಮ್ಮಲ್ಲಿ ಆ್ಯಪ್ ಬ್ಯಾನ್ ಎಂದು ಕರೆಯುವುದಕ್ಕೆ ಕಾನೂನಿನ ಹೆಸರು ಬ್ಲಾಕಿಂಗ್. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ ಅದಕ್ಕೆ ಆಧಾರ. ಆ ಸೆಕ್ಷನ್ನಿನಲ್ಲಿ "ವಿದೇಶಿ ಒಡೆತನ" ಎಂಬ ಮಾತೇ ಇಲ್ಲ. ದೇಶದ ಸಾರ್ವಭೌಮತೆ, ರಕ್ಷಣೆ, ಭದ್ರತೆ, ಬೇರೆ ದೇಶಗಳ ಜೊತೆಗಿನ ಸ್ನೇಹಸಂಬಂಧ, ಸಾರ್ವಜನಿಕ ಶಾಂತಿ, ಇವಕ್ಕೆ ಸಂಬಂಧಪಟ್ಟ ಅಪರಾಧಕ್ಕೆ ಪ್ರಚೋದನೆ ಕೊಡುವುದನ್ನು ತಡೆಯುವುದು, ಇಷ್ಟು ಕಾರಣಕ್ಕೆ ಮಾತ್ರ ಬ್ಲಾಕ್ ಮಾಡಬಹುದು. ಕಾರಣವನ್ನು ಬರೆದಿಡಬೇಕು. 2009ರ ನಿಯಮಗಳ ಪ್ರಕಾರ ಗೃಹ, ಕಾನೂನು, ವಾರ್ತಾ ಸಚಿವಾಲಯದವರು ಮತ್ತು ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆಯವರು ಇರುವ ಸಮಿತಿ ಕೂತು ನೋಡಬೇಕು, ಆ ಕಂಪನಿಗೆ ನೋಟಿಸ್ ಕೊಟ್ಟು ಉತ್ತರ ಕೇಳಬೇಕು. ತುರ್ತು ಇದ್ದರೆ ಮೊದಲು ಬ್ಲಾಕ್ ಮಾಡಿ, 48 ಗಂಟೆಯೊಳಗೆ ಸಮಿತಿಯ ಮುಂದೆ ಇಡಬಹುದು. 2020ರ ಜೂನ್‌ನಲ್ಲಿ ಬಳಸಿದ್ದು ಈ ತುರ್ತು ದಾರಿ. ಆಮೇಲೆ ಕಂಪನಿಗಳಿಗೆ ಎಪ್ಪತ್ತಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿ ಹೋಯಿತು, ಉತ್ತರಗಳು ಸಮಾಧಾನ ತರಲಿಲ್ಲ ಎಂದು 2021ರ ಜನವರಿಯಲ್ಲಿ 59 ಆ್ಯಪ್‌ಗಳ ಬ್ಯಾನ್ ಕಾಯಂ ಆಯಿತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ಆಗ ತುಂಬ ಜನ ಹೆದರಿದ್ದರು. ಬ್ಲಾಕ್ ಆದ ಆ್ಯಪ್ ನಿಮ್ಮ ಫೋನಿನಲ್ಲಿ ಉಳಿದಿದ್ದರೆ ಅದು ಅಪರಾಧವಲ್ಲ. 69ಎ ಆದೇಶ ಇರುವುದು ಇಂಟರ್ನೆಟ್ ಕಂಪನಿಗಳಿಗೆ, ಆ್ಯಪ್ ಸ್ಟೋರುಗಳಿಗೆ, ವೇದಿಕೆಗಳಿಗೆ. ಪಾಲಿಸದಿದ್ದರೆ 7 ವರ್ಷದವರೆಗೆ ಜೈಲು ಮತ್ತು ದಂಡ ಇರುವುದೂ ಅವರಿಗೇ.

ಬ್ಲಾಕ್ ಮಾಡುವ ಕೆಲಸ ಎರಡು ಮೂರು ಕಡೆ ಒಟ್ಟಿಗೆ ನಡೆಯುತ್ತದೆ. ಗೂಗಲ್, ಆ್ಯಪಲ್ ತಮ್ಮ ಸ್ಟೋರಿನ ಭಾರತದ ಪಟ್ಟಿಯಿಂದ ಆ್ಯಪ್ ತೆಗೆಯುತ್ತವೆ. ಹೊಸಬರಿಗೆ ಸಿಗುವುದಿಲ್ಲ, ಹಳಬರಿಗೆ ಅಪ್‌ಡೇಟ್ ಬರುವುದಿಲ್ಲ. ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್‌ನಂಥವರು ಆ ಆ್ಯಪ್ ಮಾತಾಡುವ ಸರ್ವರುಗಳ ವಿಳಾಸಕ್ಕೆ ದಾರಿ ಮುಚ್ಚುತ್ತಾರೆ. ಟಿಕ್‌ಟಾಕ್ ತಾನೇ ಭಾರತದವರಿಗೆ ಬಾಗಿಲು ಹಾಕಿತು. ಫೋನ್ ಒಳಗೆ ಕೈಹಾಕಿ ಆ್ಯಪನ್ನು ಯಾರೂ ಅಳಿಸಲಿಲ್ಲ. ಐಕಾನ್ ಹಾಗೇ ಇತ್ತು, ಒತ್ತಿದರೆ ಒಳಗೆ ಏನೂ ಬರುತ್ತಿರಲಿಲ್ಲ.

ಆಗ ಭಾರತದಲ್ಲಿ ಸುಮಾರು 20 ಕೋಟಿ ಜನ ಟಿಕ್‌ಟಾಕ್ ಬಳಸುತ್ತಿದ್ದರು. ಅದರಲ್ಲಿ ನಮ್ಮ ಹಳ್ಳಿಗಳವರು ಎಷ್ಟೊಂದು ಜನ! ಹೊಲದ ಬದುವಿನ ಮೇಲೆ ನಿಂತು ಹಾಡುವವರು, ಲಾರಿ ಓಡಿಸುತ್ತಾ ಡೈಲಾಗ್ ಹೇಳುವವರು, ಮದುವೆ ಆದ ಮೇಲೆ ಮನೆಯಿಂದ ಹೊರಗೇ ಬರದ ಹೆಣ್ಣುಮಕ್ಕಳು ತಮ್ಮ ಅಡುಗೆಮನೆಯಲ್ಲೇ ಕುಣಿದದ್ದು. ಟಿವಿಯಲ್ಲಿ ಯಾವತ್ತೂ ಕೇಳಿಸದ ಧಾರವಾಡ, ಕಲಬುರಗಿ, ಮಂಡ್ಯದ ಮಾತು ಅಲ್ಲಿ ಮೊದಲ ಸಲ ಲಕ್ಷಗಟ್ಟಲೆ ಜನರಿಗೆ ತಲುಪಿತ್ತು. ಅದು ಒಂದೇ ರಾತ್ರಿಯಲ್ಲಿ ನಿಂತುಹೋಯಿತು. ಅವರಿಗೆ ಮುಂಚೆ ಯಾರೂ ಹೇಳಲಿಲ್ಲ, ಅವರ ಮಾತು ಕೇಳುವ ಸಮಿತಿಯೂ ಇರಲಿಲ್ಲ, ಯಾಕೆಂದರೆ ನಿಯಮದಲ್ಲಿ ನೋಟಿಸ್ ಹೋಗುವುದು ಕಂಪನಿಗೆ. ದೇಶದ ಭದ್ರತೆಗೆ ಬೇಕು ಎಂದರೆ ಜನ ಬಿಟ್ಟುಕೊಡುತ್ತಾರೆ, ಬಿಟ್ಟುಕೊಟ್ಟರು ಕೂಡ. ಆದರೆ ಅವರು ಕಳೆದುಕೊಂಡದ್ದನ್ನು ಸುಮ್ನೆ "ಟೈಂಪಾಸ್" ಎಂದು ತಳ್ಳಿಹಾಕಿದಾಗ ನನಗೆ ತುಂಬ ಬೇಸರವಾಗಿತ್ತು.

ಖಾಲಿಯಾದ ಆ ಜಾಗಕ್ಕೆ ಯಾರು ಬಂದರು? ಬೆಂಗಳೂರಿನ ಶೇರ್‌ಚಾಟ್‌ನವರು ಎರಡೇ ದಿನದಲ್ಲಿ ಮೋಜ್ ಎಂಬ ಆ್ಯಪ್ ತಂದರು. ಅದೇ ಜುಲೈನಲ್ಲಿ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಶುರುಮಾಡಿತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಪ್ರಯೋಗಕ್ಕೆ ಇಳಿಸಿದ್ದೂ ಮೊದಲು ಭಾರತದಲ್ಲೇ. ಇವತ್ತು ನಮ್ಮ ಜನ ಜಾಸ್ತಿ ನೋಡುವುದು ಆ ಎರಡನ್ನೇ. ಅವೂ ವಿದೇಶಿ ಕಂಪನಿಗಳೇ. ಅಮೆರಿಕದಲ್ಲಿ ಫೀಸಾ ಎಂಬ ಗುಪ್ತಚರ ಕಾನೂನಿನ 702ನೇ ಸೆಕ್ಷನ್ ಇದೆ. ಅದರ ಪ್ರಕಾರ ಅಮೆರಿಕದ ಹೊರಗಿರುವ, ಅಮೆರಿಕದವರಲ್ಲದ ಜನರ ಸಂದೇಶಗಳನ್ನು ಕೊಡುವಂತೆ ಅಲ್ಲಿನ ಸರ್ಕಾರ ತನ್ನ ಕಂಪನಿಗಳಿಗೆ ಹೇಳಬಹುದು. "ಅಮೆರಿಕದ ಹೊರಗಿರುವ ಜನ" ಅಂದರೆ ನಾವೂ ಸೇರಿದೆವು. ನಮ್ಮ 59 ಆ್ಯಪ್ ಬ್ಯಾನ್ ಆಗಿ ಮೂರು ವಾರ ಕಳೆಯುವ ಮೊದಲೇ, 2020ರ ಜುಲೈ 16ರಂದು, ಯುರೋಪಿನ ಉನ್ನತ ನ್ಯಾಯಾಲಯ ಇಂಥ ಕಾನೂನುಗಳ ಕಾರಣಕ್ಕೇ ಯುರೋಪ್ ಮತ್ತು ಅಮೆರಿಕದ ನಡುವಿನ ಡೇಟಾ ಒಪ್ಪಂದ ರದ್ದು ಮಾಡಿತ್ತು. ಅಮೆರಿಕವೂ ಚೀನಾವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ ಕಂಪನಿ ಕೋರ್ಟಿಗೆ ಹೋಗಬಹುದು, ಪತ್ರಿಕೆ ಬರೆಯಬಹುದು, ನಮ್ಮ ಗಡಿಯಲ್ಲಿ ಅದರ ಸೈನ್ಯ ನಿಂತಿಲ್ಲ. ವ್ಯತ್ಯಾಸ ದೊಡ್ಡದೇ. ಆದರೂ ಯಜಮಾನನಿಗೆ ಅಪ್ಪಣೆ ಕೊಡುವವರು ಅಲ್ಲಿಯೂ ಇದ್ದಾರೆ.

ಯಜಮಾನ ಯಾರು ಅಂತ ಹುಡುಕುವುದೂ ಅಷ್ಟು ಸಲೀಸಲ್ಲ. 2020ರ ಮೇ ತಿಂಗಳಲ್ಲಿ ಟಿಕ್‌ಟಾಕ್‌ಗೆ ದೇಸಿ ಉತ್ತರ ಎಂದು ಮಿತ್ರೋಂ ಎಂಬ ಆ್ಯಪ್ ಹೆಸರು ಮಾಡಿತು. ಆಮೇಲೆ ನೋಡಿದರೆ ಅದರ ಕೋಡ್ ಪಾಕಿಸ್ತಾನದ ಒಂದು ಕಂಪನಿಯಿಂದ ಕೊಂಡದ್ದು. ಪಬ್‌ಜಿ ಗೇಮ್ ದಕ್ಷಿಣ ಕೊರಿಯಾದ್ದು, ಆದರೆ ಮೊಬೈಲಿನಲ್ಲಿ ಅದನ್ನು ನಡೆಸುತ್ತಿದ್ದದ್ದು ಚೀನಾದ ಟೆನ್ಸೆಂಟ್. ಬ್ಯಾನ್ ಆದ ಮೇಲೆ ಕೊರಿಯಾದ ಕಂಪನಿ ಭಾರತದ ವ್ಯವಹಾರವನ್ನು ಟೆನ್ಸೆಂಟ್‌ನಿಂದ ಬಿಡಿಸಿಕೊಂಡು, 2021ರ ಜುಲೈನಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ವಾಪಸ್ ತಂದಿತು. 2022ರ ಜುಲೈನಲ್ಲಿ ಅದೂ ಬ್ಲಾಕ್ ಆಯಿತು, 2023ರ ಮೇನಲ್ಲಿ ಮತ್ತೆ ಬಂತು. ಫ್ರೀ ಫೈರ್ ನಡೆಸುವ ಗರೀನಾ ಸಿಂಗಪುರದ ಕಂಪನಿ. ಅದರ ಮೂಲ ಆವೃತ್ತಿ ಬ್ಲಾಕ್ ಆಯಿತು, ಫ್ರೀ ಫೈರ್ ಮ್ಯಾಕ್ಸ್ ಉಳಿಯಿತು. ಬಟ್ಟೆ ಮಾರುವ ಶೀಇನ್ 2025ರ ಫೆಬ್ರವರಿಯಲ್ಲಿ ರಿಲಯನ್ಸ್ ಜೊತೆ ಸೇರಿ ವಾಪಸ್ ಬಂತು. ಆ್ಯಪ್ ನಡೆಸುವುದು ರಿಲಯನ್ಸ್, ಡೇಟಾ ಭಾರತದಲ್ಲೇ ಇರಬೇಕು ಎಂಬ ಷರತ್ತಿನ ಮೇಲೆ. ಇದನ್ನೆಲ್ಲ ನೋಡಿದರೆ ಬ್ಯಾನ್ ಒಂದೇ ದಾರಿಯಾಗಿ ಉಳಿದಿಲ್ಲ. ಯಜಮಾನ ಬದಲಾಗಬಹುದು, ಷರತ್ತು ಹಾಕಿ ಬಿಡಬಹುದು. ಆದರೆ ಯಾವ ಆ್ಯಪ್‌ಗೆ ಯಾವ ಷರತ್ತು, ಯಾಕೆ, ಎಂಬುದು ಬಳಸುವವರಿಗೆ ಗೊತ್ತಾಗುವ ಹಾಗೆ ಇಲ್ಲ.

ಈ ವಿಷಯದಲ್ಲಿ ಅಮೆರಿಕ ಹಿಡಿದ ದಾರಿ ನೋಡಿ. ಟ್ರಂಪ್ 2020ರ ಆಗಸ್ಟ್‌ನಲ್ಲಿ ಒಂದು ಆದೇಶ ಹೊರಡಿಸಿ ಟಿಕ್‌ಟಾಕ್ ಮುಚ್ಚಿಸಲು ಹೋದಾಗ ಕೋರ್ಟುಗಳು ತಡೆದವು. ಆಮೇಲೆ ಅಲ್ಲಿನ ಸಂಸತ್ತೇ ಚರ್ಚೆ ಮಾಡಿ, ಟಿಕ್‌ಟಾಕನ್ನು ಮಾರಬೇಕು, ಇಲ್ಲದಿದ್ದರೆ ಮುಚ್ಚಬೇಕು ಎಂಬ ಕಾನೂನು ತಂದಿತು. 2024ರ ಏಪ್ರಿಲ್ 24ರಂದು ಬೈಡನ್ ಸಹಿ ಹಾಕಿದರು. ಚೀನಾ, ರಷ್ಯಾ, ಇರಾನ್, ಉತ್ತರ ಕೊರಿಯಾ ಎಂದು ದೇಶಗಳ ಹೆಸರು, ಆ ದೇಶದವರ ಪಾಲು ಶೇ. 20 ಮುಟ್ಟಬಾರದು ಎಂಬ ಅಳತೆ, ಮಾರಲು 270 ದಿನದ ಗಡುವು, ಎಲ್ಲ ಬಹಿರಂಗವಾಗಿ ಅದರಲ್ಲೇ ಬರೆದಿತ್ತು. ಟಿಕ್‌ಟಾಕ್ ಕೋರ್ಟಿಗೆ ಹೋಯಿತು, ಟಿಕ್‌ಟಾಕ್ ಮಾಡುವ ಸಾಮಾನ್ಯ ಜನರೂ ಹೋದರು. 2025ರ ಜನವರಿ 17ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಕಾನೂನನ್ನು ಎತ್ತಿಹಿಡಿಯಿತು, ಅದಕ್ಕೆ ಡೇಟಾದ ಕಾರಣ ಒಂದೇ ಸಾಕು ಎಂದಿತು. ಮರುದಿನ ರಾತ್ರಿ ಆ್ಯಪ್ ನಿಂತಿತು, ಒಂದು ದಿನ ಪೂರ್ತಿ ಆಗುವ ಮೊದಲೇ ಮತ್ತೆ ಶುರುವಾಯಿತು. ಎರಡನೇ ಸಲ ಅಧ್ಯಕ್ಷರಾದ ಟ್ರಂಪ್ ಗಡುವನ್ನು ಮತ್ತೆ ಮತ್ತೆ ಮುಂದೂಡಿದರು. ಕೊನೆಗೆ 2026ರ ಜನವರಿಯಲ್ಲಿ ಒರಾಕಲ್ ಮುಂತಾದ ಹೂಡಿಕೆದಾರರು ಸೇರಿದ ಹೊಸ ಕಂಪನಿ ಆಯಿತು, ಬೈಟ್‌ಡ್ಯಾನ್ಸ್ ಪಾಲು ಶೇ. 20ಕ್ಕಿಂತ ಕೆಳಗಿಳಿಯಿತು. ಕಾನೂನು ಇದ್ದೂ ವರ್ಷ ಪೂರ್ತಿ ಅದನ್ನು ಪಕ್ಕಕ್ಕಿಟ್ಟದ್ದು ಒಳ್ಳೆಯ ನಡತೆ ಅಲ್ಲ. ಆದರೂ ಯಾವ ಕಾರಣಕ್ಕೆ ಹೀಗಾಯಿತು ಎಂದು ಅಲ್ಲಿನ ಒಬ್ಬ ಕಾಲೇಜು ಹುಡುಗಿ ತೀರ್ಪು ತೆರೆದು ಓದಬಹುದು.

ನಮ್ಮಲ್ಲಿ ಅದು ಆಗುವುದಿಲ್ಲ. 2009ರ ನಿಯಮಗಳಲ್ಲಿ 16ನೆಯದು, ಬ್ಲಾಕ್ ಮಾಡುವ ಕೋರಿಕೆ, ದೂರು ಮತ್ತು ಕ್ರಮ ಎಲ್ಲವನ್ನೂ ಗುಟ್ಟಾಗಿಡಬೇಕು ಎನ್ನುತ್ತದೆ. 59 ಆ್ಯಪ್‌ಗಳ ಪಟ್ಟಿ ಹೊರಬಂತು, ಒಂದೊಂದು ಆ್ಯಪ್ ಏನು ತಪ್ಪು ಮಾಡಿತ್ತು ಎಂಬ ಆದೇಶ ಹೊರಬರಲಿಲ್ಲ. 47 ಆ್ಯಪ್‌ಗಳದ್ದಂತೂ ಪಟ್ಟಿಯನ್ನೇ ಸರ್ಕಾರ ಅಂದು ಪ್ರಕಟಿಸಲಿಲ್ಲ. 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 69ಎ ಸೆಕ್ಷನ್ ಉಳಿಸಿದ್ದಕ್ಕೆ ಒಂದು ಮುಖ್ಯ ಕಾರಣ, ಇದರಲ್ಲಿ ಕಾರಣವನ್ನು ಬರೆಯಬೇಕು, ಹಾಗಾಗಿ ಅದನ್ನು ಹೈಕೋರ್ಟಿನಲ್ಲಿ ಪ್ರಶ್ನೆ ಮಾಡಬಹುದು ಎಂಬುದು. ಕಾರಣ ಕೈಗೇ ಸಿಗದಿದ್ದರೆ ಪ್ರಶ್ನೆ ಮಾಡುವುದು ಹೇಗೆ?

ಈ ಜಗಳ ನಮ್ಮ ಬೆಂಗಳೂರಿನ ಹೈಕೋರ್ಟಿಗೂ ಬಂದಿದೆ. ಅದು ಆ್ಯಪ್ ಬ್ಯಾನ್ ಪ್ರಕರಣ ಅಲ್ಲ, ಟ್ವಿಟರ್‌ನಲ್ಲಿ ಕೆಲವು ಅಕೌಂಟ್, ಪೋಸ್ಟ್‌ಗಳನ್ನು ಇದೇ 69ಎ ಅಡಿಯಲ್ಲಿ ಬ್ಲಾಕ್ ಮಾಡಿದ್ದರ ಪ್ರಶ್ನೆ. ಬರೆದವರಿಗೆ ನೋಟಿಸ್ ಇಲ್ಲ, ಕಾರಣ ಹೇಳಿಲ್ಲ ಎಂದು ಟ್ವಿಟರ್ ವಾದ ಮಾಡಿತ್ತು. 2023ರ ಜೂನ್ 30ರಂದು ಕರ್ನಾಟಕ ಹೈಕೋರ್ಟ್ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿತು. 2025ರ ಸೆಪ್ಟೆಂಬರ್‌ನಲ್ಲಿ ಪೋಸ್ಟ್ ತೆಗೆಯಿರಿ ಎಂದು ಸರ್ಕಾರದವರು ಕಂಪನಿಗಳಿಗೆ ನೋಟಿಸ್ ಕಳಿಸುವ ಸಹಯೋಗ್ ಪೋರ್ಟಲ್ ವಿಷಯದಲ್ಲಿ ಅದೇ ಕಂಪನಿ ಎಕ್ಸ್ ಎಂಬ ಹೆಸರಿನಲ್ಲಿ ಬಂದಾಗಲೂ ಅರ್ಜಿ ವಜಾ ಆಯಿತು. ಸಂವಿಧಾನದ 19ನೇ ವಿಧಿಯ ಮಾತಿನ ಸ್ವಾತಂತ್ರ್ಯ ಇರುವುದು ಈ ದೇಶದ ಪ್ರಜೆಗಳಿಗೆ, ವಿದೇಶಿ ಕಂಪನಿ ಅದನ್ನು ಕೇಳುವಂತಿಲ್ಲ ಎಂದಿತು ಕೋರ್ಟ್. ಇದು ನನ್ನನ್ನು ತುಂಬ ಯೋಚನೆಗೆ ಹಚ್ಚಿತು. ಕಂಪನಿಗೆ ಹಕ್ಕಿಲ್ಲ ಅನ್ನುವುದನ್ನು ಒಪ್ಪಿಕೊಳ್ಳೋಣ. ಆದರೆ ಆ ಕಂಪನಿಯ ಆ್ಯಪಿನಲ್ಲಿ ಬರೆಯುವ, ಹಾಡುವ, ಮಾರುವ ಪ್ರಜೆ ಇದ್ದಾನಲ್ಲ, ಅವನಿಗೆ ಹಕ್ಕಿದೆ. ಅವನ ಕೈಗೆ ಆ ಬ್ಲಾಕಿಂಗ್ ಆದೇಶದ ಪ್ರತಿ ಕೊಡುವವರು ಯಾರೂ ಇಲ್ಲ.

ಭದ್ರತೆಗೆ ಸಂಬಂಧಪಟ್ಟ ಎಲ್ಲವನ್ನೂ ಬಹಿರಂಗ ಮಾಡಿ ಎಂದು ಯಾರೂ ಕೇಳುವುದಿಲ್ಲ. ಗುಪ್ತಚರರಿಗೆ ಸುದ್ದಿ ಹೇಗೆ ಸಿಕ್ಕಿತು ಎಂಬುದನ್ನು ಮುಚ್ಚಿಡಲಿ. ಈ ಆ್ಯಪ್ ಇಂಥ ಪರ್ಮಿಷನ್ ತೆಗೆದುಕೊಂಡು ಇಂಥ ಮಾಹಿತಿಯನ್ನು ಹೊರಗೆ ಕಳಿಸುತ್ತಿತ್ತು ಎಂದು ಎರಡು ಪುಟ ಬರೆದು ಹಾಕಿದರೆ ಏನು ನಷ್ಟ? ಅದರಿಂದ ಜನರಿಗೆ ಉಪಯೋಗವೇ ಜಾಸ್ತಿ, ಯಾಕೆಂದರೆ ಬೇರೆ ಆ್ಯಪಿನಲ್ಲೂ ಅದೇ ಲಕ್ಷಣ ಕಂಡರೆ ಎಚ್ಚರ ಆಗಬಹುದು.

ಸಾಲದ ಆ್ಯಪ್‌ಗಳ ಹಾವಳಿ ಇದಕ್ಕೆ ಸಾಕ್ಷಿ. ಐದು ನಿಮಿಷದಲ್ಲಿ ಸಾಲ ಎಂದು ಹೇಳಿ, ಇನ್‌ಸ್ಟಾಲ್ ಮಾಡುವಾಗ ಕಾಂಟ್ಯಾಕ್ಟ್, ಫೋಟೋ ಎಲ್ಲದಕ್ಕೂ ಪರ್ಮಿಷನ್ ಪಡೆದು, ಕಂತು ತಪ್ಪಿದರೆ ಸಾಲಗಾರರ ಫೋಟೋ ತಿದ್ದಿ ಅವರ ಅತ್ತೆ, ಮಾವ, ಆಫೀಸಿನವರಿಗೆ ಕಳಿಸುವ ಕ್ರೂರ ದಂಧೆ. ಮರ್ಯಾದೆಗೆ ಅಂಜಿ ಜೀವ ಕಳೆದುಕೊಂಡವರಿದ್ದಾರೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಚೀನಾ ನಂಟಿನ 94 ಸಾಲದ ಆ್ಯಪ್, 138 ಬೆಟ್ಟಿಂಗ್ ಆ್ಯಪ್‌ಗಳನ್ನು ಬ್ಲಾಕ್ ಮಾಡಿತು. ಆದರೆ ಒಂದು ಹೆಸರು ಹೋದರೆ ಇನ್ನೊಂದು ಹೆಸರಿನಲ್ಲಿ ಬರುತ್ತಿದ್ದವು. ಅದೇ ವರ್ಷ ಗೂಗಲ್, ವೈಯಕ್ತಿಕ ಸಾಲ ಕೊಡುವ ಯಾವ ಆ್ಯಪೂ ಫೋನಿನ ಕಾಂಟ್ಯಾಕ್ಟ್, ಫೋಟೋ ಮುಟ್ಟಬಾರದು ಎಂದು ನಿಯಮ ಮಾಡಿತು, ಮೇ 31ರಿಂದ ಜಾರಿಗೆ ಬಂತು. ಯಜಮಾನ ಯಾವ ದೇಶದವನೇ ಆಗಲಿ, ಆ ನಿಯಮ ಎಲ್ಲರಿಗೂ ಒಂದೇ. ಅತ್ತೆ ಮಾವನ ನಂಬರ್ ಕೈಗೇ ಸಿಗದಿದ್ದರೆ ಹೆದರಿಸುವುದು ಯಾರನ್ನು? ಪ್ಲೇ ಸ್ಟೋರಿನ ಹೊರಗೆ, ಲಿಂಕ್ ಕಳಿಸಿ ಇನ್‌ಸ್ಟಾಲ್ ಮಾಡಿಸುವ ಆ್ಯಪ್‌ಗಳಿಗೆ ಇದು ತಾಗುವುದಿಲ್ಲ, ಆದ್ದರಿಂದ ಅಂಥ ಲಿಂಕ್ ಒತ್ತಲೇಬೇಡಿ.

ಸರ್ಕಾರ ಎಲ್ಲರಿಗೂ ಒಂದೇ ಎಂಬಂತೆ ಮಾಡಿದ ನಿಯಮ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ. ಇಂಥ ದೇಶಕ್ಕೆ ಡೇಟಾ ಕಳಿಸಬಾರದು ಎಂದು ಹೇಳುವ ಅಧಿಕಾರ ಅದರಲ್ಲಿ ಸರ್ಕಾರಕ್ಕಿದೆ. ನನ್ನ ಡೇಟಾ ಅಳಿಸಿ ಎಂದು ಕಂಪನಿಗೆ ಕೇಳುವ ಹಕ್ಕು ನಮಗಿದೆ. ಆದರೆ ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಸಮಯ ಕೊಟ್ಟಿದ್ದಾರೆ. ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಬಾಗಿಲೂ ಅದರಲ್ಲಿದೆ. 2020ರಲ್ಲಿ ಇಂಥ ಕಾಯ್ದೆ ನಮ್ಮ ಹತ್ತಿರ ಇರಲೇ ಇಲ್ಲ.

ಅದಕ್ಕೇ ಜೆರಾಕ್ಸ್ ಅಂಗಡಿಯವರ ಎರಡನೇ ಪ್ರಶ್ನೆಗೆ ಉತ್ತರ ಕಹಿಯಾಗಿದೆ. ವಾಪಸ್ ಬರುವುದಿಲ್ಲ. ಬ್ಲಾಕ್ ಮಾಡಿದರೆ ಅವತ್ತಿನಿಂದ ಮುಂದಿನ ಹರಿವು ನಿಲ್ಲುತ್ತದೆ, ಆಗಲೇ ಹೋದದ್ದು ಹೋದ ಕಡೆಯೇ ಇರುತ್ತದೆ. 2023ರ ಮಾರ್ಚ್‌ನಲ್ಲಿ ಫೋರ್ಬ್ಸ್ ಪತ್ರಿಕೆ ವರದಿ ಮಾಡಿತು: ಬ್ಯಾನ್ ಆಗಿ ಸುಮಾರು ಮೂರು ವರ್ಷವಾದರೂ ಭಾರತದ ಟಿಕ್‌ಟಾಕ್ ಬಳಕೆದಾರರ ಮಾಹಿತಿಯನ್ನು ಕಂಪನಿಯ ಒಳಗಿನವರು ಇನ್ನೂ ತೆರೆದು ನೋಡಬಹುದಿತ್ತು. ಆ್ಯಪೇ ತೆರೆಯದಿದ್ದಾಗ ಅಕೌಂಟ್ ಅಳಿಸುವ ಬಟನ್ ಕೂಡ ಜನರ ಕೈಗೆ ಸಿಗಲಿಲ್ಲ. ಬ್ಲಾಕ್ ಮಾಡುವ ಆದೇಶದ ಜೊತೆಗೇ, ಇಷ್ಟು ದಿನದೊಳಗೆ ಭಾರತೀಯರ ಡೇಟಾ ಅವರವರ ಕೈಗೆ ಕೊಟ್ಟು ನಿಮ್ಮ ಕಡೆ ಅಳಿಸಿ, ಅಳಿಸಿದ್ದಕ್ಕೆ ಲೆಕ್ಕ ಕೊಡಿ ಎಂದು ಷರತ್ತು ಹಾಕಿದ್ದರೆ ಎಷ್ಟು ಚೆನ್ನಾಗಿತ್ತು. ಮುಂದಿನ ಸಲವಾದರೂ ಹಾಕಬೇಕು.

ಮೊದಲನೇ ಪ್ರಶ್ನೆ, ಹೋಗಿದೆಯೇ ಎಂಬುದು. ಅವರಿಗೆ ಹೋದ ತಿಂಗಳು ಸಿಕ್ಕಾಗ ಹೇಳಿದೆ: ನೀವು ಸ್ಕ್ಯಾನ್ ಮಾಡಿದ್ದು ಫೋನಿನಲ್ಲೇ ಉಳಿದಿದ್ದರೆ ಬಹುಶಃ ಇಲ್ಲ, ಆ್ಯಪಿನ ಕ್ಲೌಡಿಗೆ ಸಿಂಕ್ ಆಗುವಂತೆ ಇಟ್ಟಿದ್ದರೆ ಕಂಪನಿಯ ಸರ್ವರಿಗೆ ಹೋಗಿರುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಈಗಿನ ಫೋನ್ ತೆಗೆದು ನನ್ನ ಕೈಗೆ ಕೊಟ್ಟರು. ಈಗಿನ ಸ್ಕ್ಯಾನ್ ಆ್ಯಪ್ ಬೇರೆ, ಅದರ ಕಂಪನಿ ಬೇರೆ ದೇಶದ್ದು. ಸೆಟ್ಟಿಂಗ್ಸ್ ತೆರೆದು ನೋಡಿದೆವು. ಕ್ಲೌಡ್ ಸಿಂಕ್ ಆನ್ ಇತ್ತು. ಕಾಂಟ್ಯಾಕ್ಟ್ ಪರ್ಮಿಷನ್ ಆನ್ ಇತ್ತು, ಸ್ಕ್ಯಾನ್ ಮಾಡಲು ಅದು ಯಾಕೆ ಬೇಕೋ ಏನೋ. ಎರಡನ್ನೂ ಆಫ್ ಮಾಡಿದೆವು. ಸಂಜೆ ಅಂಗಡಿ ಮುಚ್ಚುವ ಮೊದಲು ಆವತ್ತಿನ ಸ್ಕ್ಯಾನ್‌ಗಳನ್ನೆಲ್ಲ ಅಳಿಸುವುದು ಎಂದು ಒಂದು ಚೀಟಿ ಬರೆದು ಅವರೇ ಕ್ಯಾಶ್ ಡಬ್ಬಿಯ ಮೇಲೆ ಅಂಟಿಸಿದರು.